ಐದರವರೆಗೆ ಎಣಿಸಬೇಕು

ತೀರ್ಥಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ಔಷಧಿಯ ಉಸ್ತುವಾರಿ ನನ್ನದಾಗಿತ್ತು. ಅದಕ್ಕೆ ಕಾರಣ ನಾನು ಸಾಗರದ ಕಾನ್ವೆಂಟಿನಲ್ಲಿ ಓದಿದ್ದು, ಅಷ್ಟೆ. ಇಂಗ್ಲಿಷ್ ಚೀಟಿ ಓದಬಲ್ಲವಳು ಆ ಮನೆಯ ಹೆಂಗಸರಲ್ಲಿ ನಾನೊಬ್ಬಳೇ. ಜ್ವರ ಬಿಟ್ಟ ಮೇಲೂ ನಾಲ್ಕು ಮಾತ್ರೆ ಉಳಿದರೆ ಅದನ್ನು ಎಸೆಯುವ ಪದ್ಧತಿ ನಮ್ಮಲ್ಲಿರಲಿಲ್ಲ. ಎಲ್ಲವೂ ಒಂದು ಚೌಕದ ಬಿಸ್ಕತ್ತಿನ ಡಬ್ಬಿಗೆ ಸೇರುತ್ತಿತ್ತು. ನಾನು ಒಂದೊಂದನ್ನೂ ಕಾಗದದಲ್ಲಿ ಮಡಚಿ, ಸಿಸ್ಟರುಗಳು ಕಲಿಸಿದ ದುಂಡು ಅಕ್ಷರದಲ್ಲಿ ಮೇಲೆ ಬರೆದಿಡುತ್ತಿದ್ದೆ: ಜ್ವರ, ಹೊಟ್ಟೆನೋವು, ವಾಂತಿ. ಪಕ್ಕದ ಮನೆಯವರು ಹಿತ್ತಿಲ ಬಾಗಿಲಲ್ಲಿ ನಿಂತು, "ಅಕ್ಕಾ, ನಿಮ್ ಡಬ್ಬೀಲಿ ತಲೆನೋವಿಗೆ ಎಂತಾದ್ರೂ ಉಂಟಾ?" ಎಂದು ಕೇಳಿದರೆ ಮುಚ್ಚಳ ತೆಗೆಯುವಾಗ ನನಗೆ ಸ್ವಲ್ಪ ಹೆಮ್ಮೆಯೂ ಆಗುತ್ತಿತ್ತು.

'ವಾಂತಿ' ಎಂದು ಬರೆದ ಪೊಟ್ಟಣದಲ್ಲಿ ಏಳು ಮಾತ್ರೆ ಇದ್ದವು. ತಿಳಿ ಗುಲಾಬಿ ಬಣ್ಣ, ನಡುವೆ ಒಂದು ಗೀರು. ಅವು ನನ್ನವೇ. ನಾನು ಎರಡನೆಯ ಸಲ ಬಸುರಾದಾಗ ಬರೆದುಕೊಟ್ಟದ್ದು ಹತ್ತು. ನಾನು ತಿಂದದ್ದು ಮೂರು. ಅಷ್ಟರಲ್ಲಿ ಹೊಟ್ಟೆಯಲ್ಲಿದ್ದದ್ದು ಉಳಿಯಲಿಲ್ಲ. ಮೂರು ತಿಂಗಳು ತುಂಬುವ ಮೊದಲೇ ಹೋಯಿತು. ಮೊದಲ ಮಗಳು ಆಗ ಶಾಲೆಗೆ ಹೋಗುತ್ತಿದ್ದಳು. ಅವಳಿಗೆ ಏನೂ ಹೇಳಲಿಲ್ಲ. ಮಿಕ್ಕ ಏಳನ್ನು ಮಡಚಿ ಡಬ್ಬಿಗೆ ಹಾಕಿದೆ.

ಎರಡು ವರ್ಷವಾದ ಮೇಲೆ ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಒಂದು ಬೆಳಿಗ್ಗೆ ಬಚ್ಚಲಲ್ಲಿ ಹಂಡೆಯ ಅಂಚು ಹಿಡಿದು ನಿಂತಿದ್ದಳು. ಮುಖ ಬಿಳುಚಿತ್ತು. ಮೂರು ತಿಂಗಳು ತುಂಬುವವರೆಗೆ ಇಂಥ ಸುದ್ದಿ ಯಾರಿಗೂ ಹೇಳಬಾರದೆಂಬುದು ನಮ್ಮ ಮನೆಯ ಕಟ್ಟುನಿಟ್ಟು. ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಡಬ್ಬಿ ತೆಗೆದು ಪೊಟ್ಟಣವನ್ನು ಅವಳ ಸೆರಗಿನ ತುದಿಗೆ ಗಂಟು ಹಾಕಿ, "ದಿನಾ ಒಂದು ತಗೋ, ಅತ್ತೆಗೆ ಗೊತ್ತಾಗೋದು ಬೇಡ" ಎಂದೆ. ಅವಳು ಕಣ್ಣು ತುಂಬಿಕೊಂಡು ನಕ್ಕಳು. ಅವಳಿಗೆ ಉಪಕಾರ ಮಾಡಿದೆ ಎಂದುಕೊಂಡಿದ್ದೆ.

ಅದಾಗಿ ಎರಡು ತಿಂಗಳಿಗೆ ಮಹಿಳಾ ಮಂಡಳಿಯಿಂದ ಹೇಳಿಕಳಿಸಿದರು. ಘಟ್ಟದ ಕೆಳಗಿನಿಂದ ಒಬ್ಬ ಡಾಕ್ಟರಮ್ಮ ಬರುತ್ತಾರಂತೆ, ಮನೆಮನೆಗೆ ಹೋಗಿ ಬಾಣಂತಿಯರನ್ನು ಪ್ರಶ್ನೆ ಕೇಳುವುದು ಹೇಗೆಂದು ಐದಾರು ಮಂದಿಗೆ ಕಲಿಸುತ್ತಾರಂತೆ, ಅಕ್ಷರ ಚೆನ್ನಾಗಿರುವವರು ಬೇಕಂತೆ. ನಮ್ಮವರು ಪೇಪರಿನಿಂದ ಮುಖ ಎತ್ತದೆ, "ಹೋಗು, ಅಕ್ಷರನಾದ್ರೂ ಉಪಯೋಗಕ್ಕೆ ಬರ್ಲಿ" ಎಂದರು.

ಡಾಕ್ಟರಮ್ಮ ಮೊದಲ ದಿನ ಬಂದಾಗ ಒಂದು ಕೈಯಲ್ಲಿ ನಿಂಬೆಹಣ್ಣು ಹಿಡಿದಿದ್ದರು. ಆಗುಂಬೆಯ ತಿರುವುಗಳಲ್ಲಿ ಅವರಿಗೆ ಎರಡು ಸಲ ವಾಂತಿಯಾಗಿತ್ತು. ನಮ್ಮ ಗುಂಪಿನಲ್ಲಿ ನಿವೃತ್ತಿಯಾದ ಒಬ್ಬ ನರ್ಸಮ್ಮ ಇದ್ದರು. ತಾಲ್ಲೂಕಿನ ಅರ್ಧ ಮಕ್ಕಳನ್ನು ಹೆರಿಗೆಯಲ್ಲಿ ಕೈಯಾರೆ ಹಿಡಿದವರು, ಬಾಯಲ್ಲಿ ಸದಾ ಎಲೆ ಅಡಿಕೆಯ ಕವಳ. ಅವರು ನನ್ನ ಪಕ್ಕೆ ತಿವಿದು, "ಔಷಧದ ಡಾಕ್ಟ್ರು, ಒಂದು ಮಾತ್ರೆ ತಿನ್ನಬಾರ್ದಿತ್ತಾ?" ಎಂದರು. ಡಾಕ್ಟರಮ್ಮನಿಗೆ ಕೇಳಿಸಿತು. "ತಿನ್ನುವ ಮೊದಲು ಯೋಚನೆ ಮಾಡುವುದೇ ನನ್ನ ಕೆಲಸ ಮಾರಾಯ್ರೆ" ಎಂದು ಕುರ್ಚಿಯಲ್ಲಿ ಕೂತರು. ಆಮೇಲೆ ತಮ್ಮ ವಿದ್ಯೆಯ ಹೆಸರನ್ನು ಇಂಗ್ಲಿಷಿನಲ್ಲಿ ಬೋರ್ಡಿನ ಮೇಲೆ ಬರೆದರು. ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೆ ಬಂತು. "ಹೇಳಾಕೇ ಉಸಿರು ಕಟ್ತದೆ" ಎಂದರು ನರ್ಸಮ್ಮ. ಡಾಕ್ಟರಮ್ಮ ಬಿಡಿಸಿ ಹೇಳಿದರು: ಒಂದು ಔಷಧಿಯನ್ನು ಸಾವಿರಾರು ಜನ ತಿಂದ ಮೇಲೆ ಅವರಿಗೆ ಏನಾಯಿತು ಎಂದು ಹುಡುಕುವ ವಿದ್ಯೆ ಇದು.

ಆಮೇಲೆ ಅವರು ಹೇಳಿದ ಕತೆಗೆ ಎಲ್ಲರ ನಗು ನಿಂತಿತು. ಹಿಂದೆ ಪರದೇಶಗಳಲ್ಲಿ ಬಸುರಿಯರ ವಾಂತಿಗೆಂದು ಒಂದು ಮಾತ್ರೆ ಕೊಡುತ್ತಿದ್ದರಂತೆ. ಅದನ್ನು ತಿಂದವರಿಗೆ ಕೈ ಬೆಳೆಯದ, ಕಾಲು ಬೆಳೆಯದ ಮಕ್ಕಳು ಹುಟ್ಟಿದವು. ಕಾರಣ ಗೊತ್ತಾಗುವ ಹೊತ್ತಿಗೆ ಎಷ್ಟೋ ಮನೆ ಹಾಳಾಗಿತ್ತು.

"ಆ ಮಾತ್ರೆ ಇಲ್ಲಿಗೂ ಬಂದಿದ್ಯಾ ಮೇಡಂ?" ಎಂದೆ.

"ಅದು ಯಾವಾಗಲೋ ಹೋಯ್ತು. ಈಗಿನವು ಬೇರೆ. ಅವುಗಳಿಂದ ತೊಂದರೆ ಉಂಟೋ ಇಲ್ಲವೋ ಎಂದು ನೋಡಬೇಕಾದರೆ ಕೇಳಲೇಬೇಕು" ಎಂದು ಬೋರ್ಡಿನ ಮೇಲೆ ಆರು ಮಾತ್ರೆಗಳ ಹೆಸರು ಬರೆದರು. ನಾಲ್ಕನೆಯದು ನಮ್ಮ ಡಬ್ಬಿಯದು. ಸೀಮೆಸುಣ್ಣ ಕಿರ್ರೆಂದದ್ದು ಈಗಲೂ ನನ್ನ ಹಲ್ಲಿನಲ್ಲಿದೆ. "ಇವು ಕೆಟ್ಟವು ಅಂತ ಅಲ್ಲ. ನಮಗೆ ಗೊತ್ತಿಲ್ಲ ಅಂತ" ಎಂದರು. ನನಗೆ ಎರಡನೆಯ ವಾಕ್ಯ ಮಾತ್ರ ಕೇಳಿಸಿತು.

ಮನೆಗೆ ಬಂದು ಓರಗಿತ್ತಿಯ ಹೊಟ್ಟೆ ನೋಡಿದೆ. ನಾಲ್ಕು ತಿಂಗಳು ತುಂಬಿತ್ತು. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಾ ಏನೋ ಗುನುಗುತ್ತಿದ್ದಳು. ಎಷ್ಟು ಮಾತ್ರೆ ತಿಂದೆ ಎಂದು ಕೇಳಲು ಬಾಯಿ ಬರಲಿಲ್ಲ.

ತರಬೇತಿ ಮೂರು ಶನಿವಾರ ನಡೆಯಿತು. ಎರಡು ಬಗೆಯ ಮನೆಗಳಿಗೆ ಹೋಗಬೇಕು. ಮಗುವಿಗೆ ಹುಟ್ಟಿನಿಂದಲೇ ಏನಾದರೂ ಊನವಿರುವ ಮನೆ ಒಂದು, ಅದೇ ವಯಸ್ಸಿನ ಮಗು ಚೆನ್ನಾಗಿರುವ ಮನೆ ಒಂದು. ಎರಡೂ ಕಡೆ ಅದೇ ಪ್ರಶ್ನೆ, ಅದೇ ಮಾತು, ಅದೇ ಮುಖ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಬೇಕು. ಉತ್ತರ ಬಂದರೆ ಬರೆಯಬೇಕು, ಇಲ್ಲದಿದ್ದರೆ ಮುಂದಿನ ಪ್ರಶ್ನೆಗೆ ಹೋಗಬೇಕು. ಎರಡನೆಯ ಸಲ ಕೇಳುವಂತಿಲ್ಲ. ಕೂತ ಹೊತ್ತು, ಎದ್ದ ಹೊತ್ತು ಗಡಿಯಾರ ನೋಡಿ ಫಾರಮಿನ ತಲೆಯ ಮೇಲೆ ಬರೆಯಬೇಕು.

"ಮುಖ ಒಂದೇ ಥರ ಇಟ್ಕೊಳದು ಹೆಂಗೆ? ನಾನೇನು ಗೊಂಬೆಯಾ?" ಎಂದು ನರ್ಸಮ್ಮ ಕೇಳಿದರು.

"ಬಾಯಲ್ಲಿ ಕವಳ ಇಟ್ಟುಕೊಳ್ಳಿ, ನಿಮಗೆ ಬೇರೆ ಉಪಾಯ ಬೇಡ" ಎಂದರು ಡಾಕ್ಟರಮ್ಮ. ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು.

ಅಭ್ಯಾಸಕ್ಕೆಂದು ನನಗೆ ಕೊಟ್ಟದ್ದು ಹೊಸನಗರದ ಕಡೆಯ ಎಂಟು ಮನೆ. ಬೆಳಗಿನ ಬಸ್ಸಿಗೆ ಹೋಗಿ ಮಧ್ಯಾಹ್ನ ಮಗಳು ಶಾಲೆಯಿಂದ ಬರುವಷ್ಟರಲ್ಲಿ ಹಿಂತಿರುಗಬೇಕು. ಆ ಮನೆಗಳಲ್ಲಿ ಒಂದು, ಅಣೆಕಟ್ಟಿನ ಮುಳುಗಡೆಯಲ್ಲಿ ಊರು ಬಿಟ್ಟು ಎದ್ದುಬಂದ ಕುಟುಂಬದ್ದು. ಮಗುವಿಗೆ ಸೀಳುತುಟಿ. ತಾಯಿಗೆ ಇಪ್ಪತ್ತು ದಾಟಿರಲಿಕ್ಕಿಲ್ಲ. ಮಗುವಿನ ಮುಖಕ್ಕೆ ಸೆರಗು ಮುಚ್ಚಿ ಕೂತಳು. ನನಗೆಂದು ಹಾಸಿದ ಚಾಪೆಯ ಒಂದು ಮೂಲೆ ಸುಟ್ಟಿತ್ತು. ಅದು ಕಾಣದ ಹಾಗೆ ಅದರ ಮೇಲೆ ನೀರಿನ ಚೊಂಬು ಇಟ್ಟಿದ್ದಳು.

"ಬಸುರಾದ ಮೊದಲ ಮೂರು ತಿಂಗಳಲ್ಲಿ ಯಾವುದಾದರೂ ಮಾತ್ರೆ ತೆಗೆದುಕೊಂಡಿದ್ದೀರಾ?" ಎಂದು ಕೇಳಿದೆ.

"ಇಲ್ರೀ."

ಬರೆದು ಮುಂದೆ ಹೋಗಬೇಕಿತ್ತು. ನನಗಾಗಲಿಲ್ಲ. ಆ ತುಟಿ ಕಂಡಾಗಿನಿಂದ ನನ್ನ ಕಣ್ಣಿಗೆ ಓರಗಿತ್ತಿಯ ಹೊಟ್ಟೆಯೇ ಕಟ್ಟಿತ್ತು. "ಸರಿಯಾಗಿ ನೆನಪು ಮಾಡ್ಕೊಳಮ್ಮ. ವಾಂತಿಗೆ ಎಂತಾದ್ರೂ?" ಎಂದೆ.

"ವಾಂತಿ ಆಗ್ತಿತ್ತು. ಜೀರಿಗೆ ಕಷಾಯ ಕುಡಿತಿದ್ದೆ."

"ಗುಲಾಬಿ ಬಣ್ಣದ ಮಾತ್ರೆ? ಸಣ್ಣದು, ನಡುವೆ ಗೀರು ಇರ್ತದೆ. ಯಾರಾದ್ರೂ ಕೊಟ್ಟಿದ್ರಾ? ಅಕ್ಕ, ಅತ್ತಿಗೆ, ಪಕ್ಕದ ಮನೆಯವ್ರು?"

ಅವಳು ಗೋಡೆ ನೋಡಿದಳು. ಮಗು ಸೆರಗಿನ ಅಡಿಯಲ್ಲಿ ಉಸಿರಾಡುವ ಸದ್ದು ಕೇಳುತ್ತಿತ್ತು. ಗಾಳಿ ಸೀಳಿನಿಂದ ಹೋಗಿಬರುವ ಸದ್ದು. ನಾನು ಇನ್ನೂ ಎರಡು ಸಲ ಕೇಳಿದೆ. ಕೊನೆಗೆ ಅವಳು, "ಇರ್ಬೋದೇನೋ. ನಮ್ ಅತ್ತಿಗೆ ಒಂದು ಸಲ ಎಂತದೋ ಕೊಟ್ಟಿದ್ರು. ಗುಲಾಬಿನೇ ಇರ್ಬೋದು" ಎಂದಳು. ನಾನು 'ಹೌದು' ಎಂದು ಬರೆದೆ. ತಲೆ ಎತ್ತಿದಾಗ ಅವಳ ಮುಖದ ಬಣ್ಣ ಹೋಗಿತ್ತು.

"ಹಂಗಾದ್ರೆ ಅಕ್ಕ, ನನ್ ಕೈಯಾರೆ ಆಗಿದ್ದಾ ಇದು?"

ಇಲ್ಲ ಎಂದೆ. ಹಾಗೆಂದು ಯಾರೂ ಹೇಳಿಲ್ಲ ಎಂದೆ. ಆದರೆ ನನ್ನ ದನಿಯಲ್ಲೇ ಹೆದರಿಕೆ ಇದ್ದಾಗ ಅವಳು ಹೇಗೆ ನಂಬಬೇಕು? ಹೊತ್ತು ಬರೆದುಕೊಂಡು ಎದ್ದೆ. ಊನವಿದ್ದ ಉಳಿದ ಮೂರು ಮನೆಗಳಲ್ಲೂ ಹಾಗೇ ಕೂತೆ, ಹಾಗೇ ಕೇಳಿದೆ. ಮಕ್ಕಳು ಚೆನ್ನಾಗಿದ್ದ ನಾಲ್ಕು ಮನೆಗಳಲ್ಲಿ "ಇಲ್ಲ" ಎಂದ ಕೂಡಲೇ ಬರೆದುಕೊಂಡು, ಕಾಫಿ ಕುಡಿದು ಬಂದೆ. ಬೇಕೆಂದೇ ಮಾಡಿದ್ದಲ್ಲ. ಆರೋಗ್ಯವಾಗಿದ್ದ ಮಗು ಕಂಡರೆ ಎದೆ ಸ್ವಲ್ಪ ಹಗುರಾಗುತ್ತಿತ್ತು, ಅಲ್ಲಿ ಕೆದಕಿ ಕೇಳಲು ಮನಸ್ಸೇ ಬರುತ್ತಿರಲಿಲ್ಲ. ಬಸ್ಸಿನಲ್ಲಿ ಫಾರಂಗಳನ್ನು ಮಡಿಲಲ್ಲಿಟ್ಟುಕೊಂಡು ಎಣಿಸಿದೆ. ಊನವಿದ್ದ ನಾಲ್ಕರಲ್ಲಿ ಮೂರು 'ಹೌದು'. ಉಳಿದ ನಾಲ್ಕರಲ್ಲಿ ಒಂದೂ ಇಲ್ಲ. ಕಿಟಕಿಯ ಸರಳು ಹಿಡಿದ ಬೆರಳು ಬಿಡಿಸಿಕೊಳ್ಳಲು ತೀರ್ಥಹಳ್ಳಿ ಬರಬೇಕಾಯಿತು.

ಮುಂದಿನ ಶನಿವಾರ ಡಾಕ್ಟರಮ್ಮ ಎಲ್ಲರ ಫಾರಂಗಳನ್ನು ಜಮಖಾನದ ಮೇಲೆ ಹರಡಿದರು. ನರ್ಸಮ್ಮನ ಅಕ್ಷರ ಇರುವೆ ಸಾಲಿನ ಹಾಗಿತ್ತು. ಆದರೆ ಅವರ ಎರಡು ಬಗೆಯ ಮನೆಗಳಲ್ಲೂ 'ಹೌದು' ಹೆಚ್ಚುಕಡಿಮೆ ಸಮವಾಗಿತ್ತು. ನನ್ನವು ಅಚ್ಚು ಹಾಕಿದಂತಿದ್ದವು. ಅವನ್ನು ಬಹಳ ಹೊತ್ತು ನೋಡಿದರು. ಎಲ್ಲರೂ ಚಹಾಕ್ಕೆ ಎದ್ದ ಮೇಲೆ ನನ್ನೊಬ್ಬಳನ್ನು ಕೂರಿಸಿಕೊಂಡರು.

"ನೀವು ಹೊತ್ತು ತುಂಬಾ ಚೆನ್ನಾಗಿ ಬರೆದಿದ್ದೀರಿ. ಬೇರೆಯವರು ಮರೆತಿದ್ದಾರೆ" ಎಂದರು. ಆಮೇಲೆ ಬೆರಳಿಟ್ಟು ತೋರಿಸಿದರು. ಸೀಳುತುಟಿಯ ಮನೆಯಲ್ಲಿ ನಲವತ್ತು ನಿಮಿಷ. ಇನ್ನೊಂದರಲ್ಲಿ ಮೂವತ್ತೈದು. ಚೆನ್ನಾಗಿರುವ ಮಗುವಿನ ಮನೆಯಲ್ಲಿ ಹತ್ತು, ಹನ್ನೆರಡು, ಎಂಟು. "ಅದೇ ಪ್ರಶ್ನೆಗೆ ಇಲ್ಲಿ ನಲವತ್ತು ಯಾಕೆ, ಅಲ್ಲಿ ಎಂಟು ಯಾಕೆ?"

ಕಾನ್ವೆಂಟಿನಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದಾಗ ಮೊದಲು ಕಿವಿ ಬಿಸಿಯಾಗುತ್ತಿತ್ತು. ಹಾಗೇ ಆಯಿತು. ಎಲ್ಲವನ್ನೂ ಹೇಳಿಬಿಟ್ಟೆ. ಡಬ್ಬಿ, ಪೊಟ್ಟಣ, ನನ್ನ ಹೋದ ಬಸುರು, ಓರಗಿತ್ತಿಯ ಸೆರಗಿನ ಗಂಟು. "ಮೇಡಂ, ಅವಳ ಮಗುಗೆ ಏನಾಗ್ತದೆ? ಅದೊಂದು ಹೇಳಿ" ಎಂದೆ.

"ಒಬ್ಬಳ ಬಗ್ಗೆ ಹೇಳಲು ನನ್ನ ವಿದ್ಯೆಯಲ್ಲಿ ದಾರಿ ಇಲ್ಲ" ಎಂದರು ಅವರು ಮೆಲ್ಲಗೆ. "ಒಂದೂರಲ್ಲಿ ಸಿಗುವುದು ಇಷ್ಟೇ ಮಂದಿ. ಬೇರೆ ಬೇರೆ ಕಡೆ ಬೇರೆ ಬೇರೆಯವರು ಕೇಳಿದ್ದನ್ನೆಲ್ಲ ಒಟ್ಟಿಗೆ ಇಟ್ಟು ತೂಗಿದರೆ ಏನಾದರೂ ಕಾಣಬಹುದು. ಆದರೆ ಒಟ್ಟು ಮಾಡುವ ಮೊದಲು ಒಂದೊಂದನ್ನೂ ಆರಿಸಬೇಕು. ಹತ್ತು ಮನೆಯ ಅಕ್ಕಿ ಒಂದೇ ಮೂಟೆಗೆ ಸುರಿದರೆ ಕಲ್ಲು ಕರಗುತ್ತದಾ? ಕಲ್ಲೂ ಒಟ್ಟಾಗುತ್ತದೆ, ಅಷ್ಟೆ. ನಿಮ್ಮ ಈ ಎಂಟು ಕಾಗದ ಕಲ್ಲು. ಅಭ್ಯಾಸದ್ದಾದ್ದರಿಂದ ಬದುಕಿದೆವು."

ಫಾರಂಗಳನ್ನು ನನ್ನ ಕೈಗೇ ಹಿಂದೆ ಕೊಟ್ಟರು. "ಓರಗಿತ್ತಿಗೆ ಹೇಳಿ. ಅವಳನ್ನು ನೋಡುವ ಡಾಕ್ಟರಿಗೂ ಹೇಳಿ. ಆ ಡಬ್ಬಿ ಖಾಲಿ ಮಾಡಿ. ಮತ್ತೆ ಆ ಹೊಸನಗರದ ಹುಡುಗಿ ಹತ್ತಿರ ಒಮ್ಮೆ ಹೋಗಿ ಬನ್ನಿ."

ಹೋದೆ. ಅವಳು ನನ್ನನ್ನು ಕಂಡು ಎದ್ದು ನಿಂತಳು, ಪೊಲೀಸರು ಬಂದರೇನೋ ಎಂಬಂತೆ. ನಾನು ಒತ್ತಿ ಒತ್ತಿ ಕೇಳಿದ್ದು ತಪ್ಪು, ನಿನ್ನ ಮೊದಲ ಉತ್ತರವೇ ಸರಿ ಇರಬಹುದು, ಆ ಮಾತ್ರೆಯಿಂದ ತುಟಿ ಹೀಗಾಗುತ್ತದೆಂದು ಯಾರೂ ಕಂಡಿಲ್ಲ ಎಂದೆಲ್ಲ ಹೇಳಿದೆ. ಕೇಳಿಸಿಕೊಂಡಳು.

"ಮೊದ್ಲು ಎಂತದೂ ನೆನಪಿರ್ಲಿಲ್ಲ ಅಕ್ಕ. ಈಗ ಕಣ್ಣು ಮುಚ್ಚಿದ್ರೆ ಆ ಗುಲಾಬಿ ಮಾತ್ರೆ ಬರ್ತದೆ. ನೀವು ಇಲ್ಲ ಅಂದ್ರೂ ಹೋಗಾದಿಲ್ಲ. ಅತ್ತಿಗೆ ಹತ್ರ ಮಾತು ಬಿಟ್ಟಿದೀನಿ."

ಚಾಪೆಯ ಸುಟ್ಟ ಮೂಲೆಯನ್ನು ಆ ದಿನ ಅವಳು ಮುಚ್ಚಿರಲಿಲ್ಲ. ನಾನು ತಂದಿದ್ದ ಬಾಳೆಹಣ್ಣನ್ನು ಅಲ್ಲೇ ಇಟ್ಟು ಬಂದೆ.

ಓರಗಿತ್ತಿಗೆ ಹೇಳಿದ್ದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಅವಳು ಮೊದಲು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಆ ಒದ್ದೆ ಕೈಯಿಂದಲೇ ನನ್ನ ಕೈ ಹಿಡಿದಳು. "ಅತ್ತೆಗೆ ಮಾತ್ರ ಹೇಳ್ಬೇಡಿ ಅಕ್ಕ. ನಿಮ್ಮನ್ನ ಹುರಿದು ತಿಂತಾರೆ." ನಾಲ್ಕು ತಿಂದಿದ್ದಳಂತೆ. ಉಳಿದದ್ದು ಎಲ್ಲಿ ಎಂದು ಕೇಳುವ ಬುದ್ಧಿ ಆಗ ನನಗೆ ಬರಲಿಲ್ಲ. ಇಬ್ಬರೂ ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ಹೇಳಿದೆವು. ಅವರು ಬರೆದುಕೊಂಡು, ಹೆದರಬೇಡಿ ಎಂದರು. ಹೆದರಬೇಡಿ ಎಂದವರ ಕಣ್ಣು ಎತ್ತ ಹೋಗುತ್ತದೆ ಎಂದು ನೋಡುವುದು ನನ್ನ ಅಭ್ಯಾಸವಾಗಿತ್ತು. ಅವರದು ಕಿಟಕಿಯ ಕಡೆ ಹೋಯಿತು. ಮನೆಗೆ ಬಂದು ಡಬ್ಬಿಯಲ್ಲಿದ್ದದ್ದನ್ನೆಲ್ಲ ಹಿತ್ತಿಲಲ್ಲಿ ಗುಂಡಿ ತೋಡಿ ಸುರಿದು ಮಣ್ಣು ಮುಚ್ಚಿದೆ. ಖಾಲಿ ಡಬ್ಬಿಯನ್ನು ಮತ್ತೆ ಅದರ ಜಾಗದಲ್ಲೇ ಇಟ್ಟೆ, ಅತ್ತೆ ಕೇಳಬಾರದಲ್ಲ ಎಂದು.

ಮುಂದಿನ ತಿಂಗಳುಗಳಲ್ಲಿ ನಾನು ತೂಕ ಇಳಿದೆ. ಸೀಮಂತದ ದಿನ ಎಲ್ಲರೂ ಬಳೆ ನೋಡುತ್ತಿದ್ದರೆ ನಾನು ಹೊಟ್ಟೆ ನೋಡುತ್ತಿದ್ದೆ. ಹೆರಿಗೆಯಾಗಿ ಮಗುವನ್ನು ಹೊರಗೆ ತಂದಾಗ ಎಲ್ಲರೂ ಗಂಡೋ ಹೆಣ್ಣೋ ಎಂದು ಕೇಳುತ್ತಿದ್ದರು. ನಾನು ಬೆರಳು ಎಣಿಸಿದೆ. ತುಟಿ ಮುಟ್ಟಿದೆ. ಅದು ಅತ್ತಾಗ ಬಾಯೊಳಗೆ ಬಗ್ಗಿ ಅಂಗುಳ ನೋಡಿದೆ. "ಇದೆಂತ, ಕರುವಿನ ಹಲ್ಲು ನೋಡ್ದಂಗೆ ನೋಡ್ತೀಯಲ್ಲೇ!" ಎಂದು ಅತ್ತೆ ಗದರಿದರು. ಎಲ್ಲವೂ ಇತ್ತು. ಹೆಣ್ಣುಮಗು.

ಇಷ್ಟಕ್ಕೇ ಮುಗಿಯಿತೆಂದುಕೊಂಡಿದ್ದೆ. ಮಗುವಿಗೆ ಎರಡು ತಿಂಗಳಾದಾಗ ಮನೆಮನೆಗೆ ಹೋಗಿ ಕೇಳುವ ಇನ್ನೊಂದು ಸುತ್ತು ಬಂತು. ಸ್ವಂತ ಮನೆಯಲ್ಲಿ ತಾನೇ ಕೇಳುವಂತಿಲ್ಲವಾದ್ದರಿಂದ ನಮ್ಮ ಮನೆಗೆ ನರ್ಸಮ್ಮ ಬಂದರು. ಓರಗಿತ್ತಿ ಮಗುವಿಗೆ ಹಾಲು ಕೊಡುತ್ತಾ ಕೂತಿದ್ದಳು, ಪಕ್ಕದಲ್ಲಿ ಅತ್ತೆ. ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ.

"ಮೊದಲ ಮೂರು ತಿಂಗಳಲ್ಲಿ ಯಾವುದಾದರೂ ಮಾತ್ರೆ ತೆಗೆದುಕೊಂಡಿದ್ದೀರಾ?" ನರ್ಸಮ್ಮನ ದನಿ ಶಾಲೆಯ ಪಾಠದಂತಿತ್ತು.

ನಾನು ಎಣಿಸತೊಡಗಿದೆ. ಒಂದು, ಎರಡು, ಮೂರು.

"ಇಲ್ಲ ನರ್ಸಮ್ಮ. ಎಂತದೂ ತಿನ್ಲಿಲ್ಲ" ಎಂದಳು ನನ್ನ ಓರಗಿತ್ತಿ.

ನನ್ನನ್ನು ಕಾಪಾಡಲಿಕ್ಕೆ ಹೇಳಿದ್ದು. ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಆ ಹೊಸನಗರದ ಹುಡುಗಿಯ ಬಾಯಿಂದ ನಲವತ್ತು ನಿಮಿಷ ಹಿಂಡಿ 'ಹೌದು' ತೆಗೆದವಳು ನಾನು. ನನ್ನದೇ ಮನೆಯ 'ಇಲ್ಲ'ವನ್ನು ಹೀಗೆ ಹೋಗಲು ಬಿಡುವುದೇ? ಸೋಸುವ ಬಟ್ಟೆ ಕೈಯಲ್ಲೇ ಇತ್ತು, ಕಾಫಿ ತೊಟ್ಟಿಕ್ಕುತ್ತಿತ್ತು, ಹಾಗೇ ಹೊರಗೆ ಬಂದೆ. "ತಿಂದಿದಾಳೆ. ನಾನೇ ಕೊಟ್ಟಿದ್ದು, ಡಬ್ಬಿಯಿಂದ" ಎಂದೆ.

ಅತ್ತೆ ಮೊದಲು ನನ್ನನ್ನು ನೋಡಿದರು, ಆಮೇಲೆ ಮಗುವನ್ನು. "ಯಾವ ಮಾತ್ರೆ? ನಿಂದು ಹೋಯ್ತಲ್ಲ, ಆಗ ತಿಂತಿದ್ದದ್ದಾ?" ಎಂದರು. ಸುಮಾರು ಮೂರು ವರ್ಷ ಯಾರೂ ಆಡದಿದ್ದ ಮಾತು ಅದು. ನಾನು ತಲೆಯಾಡಿಸಿದೆ. ಅವರು ಬೈಯಲಿಲ್ಲ. ಮಗುವಿನ ಕಾಲನ್ನು ಬಟ್ಟೆಯೊಳಗೆ ಸರಿಸಿ ಮುಚ್ಚಿದರು. ಬೈದಿದ್ದರೆ ಚೆನ್ನಾಗಿತ್ತು.

ಓರಗಿತ್ತಿಯೇ ದನಿ ಎತ್ತಿದಳು. "ಈಗ ಎಂತಕ್ಕೆ ಅದೆಲ್ಲ? ಮಗು ಸರಿಯಾಗೇ ಹುಟ್ಟಿದೆ. ಮಾತ್ರೆದು ಎಂತದೂ ತಪ್ಪಿಲ್ಲ ಅಂತ ಗೊತ್ತಾತಲ್ಲ ಅಕ್ಕ! ಅದ್ಕೇ ಉಳಿದ ಮೂರನ್ನ ಸಾಗರದ ನಮ್ಮಕ್ಕನಿಗೆ ಕೊಟ್ಟೆ. ಹೋದ ವಾರ ಮಗು ನೋಡಾಕೆ ಬಂದಿದ್ಲಲ್ಲ, ಅವ್ಳಿಗೆ ಈಗ ಎರಡು ತಿಂಗಳು. ಪಾಪ, ಬಸ್ಸಿಳಿಯೋವಾಗ್ಲೇ ವಾಂತಿ."

ನರ್ಸಮ್ಮನ ಪೆನ್ನು ನಿಂತಿತು. ಫಾರಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಸಾಗರಕ್ಕೆ ಹೋದೆ. ನಾನು ಹುಟ್ಟಿ ಬೆಳೆದ ಊರು. ಕಾನ್ವೆಂಟಿನ ಗೇಟಿನ ಮುಂದೆಯೇ ನಡೆದರೂ ತಲೆ ಎತ್ತಲಿಲ್ಲ. ಓರಗಿತ್ತಿಯ ಅಕ್ಕ ಬಾಗಿಲು ತೆರೆದು, "ಓ, ನೀವಾ! ಇಷ್ಟು ಬೆಳಿಗ್ಗೆ?" ಎಂದು ನಕ್ಕಳು. ಒಳಗೆ ಕೂರುವ ಮೊದಲೇ ಕೇಳಿದೆ, ಒಂದೇ ಸಲ. "ತಂಗಿ ಕೊಟ್ಟ ಮಾತ್ರೆ ತಗೊಂಡಿದೀರಾ?"

ಐದರವರೆಗೆ ಎಣಿಸಿದೆ. ಅವಳು ಒಳಗೆ ಹೋಗಿ, ದೇವರ ಗೂಡಿನ ಪಕ್ಕದಿಂದ ಪೊಟ್ಟಣ ತಂದು ನನ್ನ ಕೈಗಿಟ್ಟಳು. 'ವಾಂತಿ' ಎಂದು ನನ್ನದೇ ಅಕ್ಷರ, ಕೊನೆಯ ಸುಳಿಯನ್ನು ಚೆಂದಕ್ಕೆಂದು ಉದ್ದ ಎಳೆದಿದ್ದೆ. ಬಿಚ್ಚಿದೆ. ಎರಡಿದ್ದವು.

"ನಿನ್ನೆ ಒಂದು ತಿಂದೆ. ಎಂತಾ ಅಕ್ಕ, ತಿನ್ನಬಾರ್ದಿತ್ತಾ? ಎಂತಾದ್ರೂ ಆಗ್ತದಾ?"

ಇಲ್ಲ ಎನ್ನುವುದು ಸುಲಭವಿತ್ತು, ಹೌದು ಎನ್ನುವುದೂ. ನಾನು ಡಾಕ್ಟರಮ್ಮ ಬೋರ್ಡಿನ ಮುಂದೆ ನಿಂತು ಹೇಳಿದ್ದನ್ನೇ ಹೇಳಿದೆ. "ಕೆಟ್ಟದ್ದು ಅಂತ ಯಾರೂ ಹೇಳಿಲ್ಲ. ನಂಗೂ ಗೊತ್ತಿಲ್ಲ. ಇನ್ನು ತಿನ್ನೋದು ಬೇಡ. ಸೀರೆ ಉಟ್ಕೊಳಿ, ಡಾಕ್ಟ್ರ ಹತ್ರ ಹೋಗಾಣ, ನಾನೂ ಬರ್ತೀನಿ."

ಅವಳು ಸೀರೆ ಉಟ್ಟು ಬರುವವರೆಗೆ ಆ ಎರಡು ಮಾತ್ರೆ ಹಿಡಿದು ಜಗಲಿಯಲ್ಲಿ ಕೂತೆ. ಅಂಗೈ ಬೆವತು ಅವುಗಳ ಬಣ್ಣ ಬಿಡುತ್ತಿತ್ತು. ಆ ಮಗು ಹುಟ್ಟಲು ಇನ್ನೂ ಏಳು ತಿಂಗಳಿತ್ತು.